ಅಗ್ಗದ ಬೀಜದ ಸ್ವೀಟ್ ವಿಲಿಯಂ

ಹೈದರಾಬಾದಿನ ಕೋಠಿಯಲ್ಲಿ ಗುಂಡಿ, ಲೈನಿಂಗ್ ಬಟ್ಟೆ ಮಾರುವ ಅಂಗಡಿಯನ್ನು ಕಟ್ಟಿ ನಿಲ್ಲಿಸಿದವಳು ನಾನೇ. "ತುಸು ದುಬಾರಿ, ಆದರೆ ಬಾಳಿಕೆ ಬರುತ್ತದೆ" ಎಂದು ದಿನಕ್ಕೆ ನಲವತ್ತು ಸಲ ಹೇಳುವ ನನಗೆ, ಅದೇ ಮಾತನ್ನು ಬೇರೆಯವರು ಹೇಳಿದರೆ ಕಿವಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ನರ್ಸರಿಯವನು ಎರಡು ಪೊಟ್ಟಣ ಮುಂದಿಟ್ಟು, ಸ್ವೀಟ್ ವಿಲಿಯಂ ಹೂವಿನಲ್ಲಿ ಹೊಸ ತಳಿ ಇದೇ ಚಳಿಗಾಲಕ್ಕೆ ಹೂ ಬಿಡುತ್ತದೆ, ಹಳೇ ತಳಿಗೆ ಎರಡು ವರ್ಷ ಬೇಕು ಎಂದಾಗ ನಾನು ನಕ್ಕೆ. ಬೀಜ ಎಂದರೆ ಬೀಜ. ಚೌಕಾಸಿ ಮಾಡಿ ಹಳೇ ತಳಿಯ ಬೆಲೆಯನ್ನು ಇನ್ನೂ ಇಳಿಸಿದೆ, ಮೇಲೊಂದು ಪೊಟ್ಟಣ ಕೊಸರನ್ನೂ ಹಾಕಿಸಿಕೊಂಡೆ. ನೀವಾದರೂ ನೆನಪಿಡಿ: ಅಂಗಡಿಯವ ನಗುತ್ತಾ ಕೊಸರು ಕೊಟ್ಟರೆ ಸಾಮಾನು ಅಲ್ಲೇ ಬಿಟ್ಟು ಬನ್ನಿ.

ಹೂ ಬೇಕಾಗಿದ್ದುದು ನನಗಲ್ಲ, ಅತ್ತೆಗೆ. ಅವರ ತಂದೆ ಸರ್ಕಾರಿ ಗುಮಾಸ್ತರು. ಸಾಹೇಬರ ಬಂಗಲೆಗೆ ಫೈಲು ಒಯ್ಯುವಾಗ ಮಗಳನ್ನೂ ಕರೆದೊಯ್ಯುತ್ತಿದ್ದರಂತೆ. ಅಲ್ಲಿ ಮೆಟ್ಟಿಲಿನ ಎರಡೂ ಬದಿಗೆ ಈ ಹೂವಿನ ಸಾಲು.

"ನೋಡಬೇಕು, ಮುಟ್ಟಬಾರದು, ಹಂಗಿತ್ತು ಆಗಿಂದು. ಒಂದ ಸಲ ನನ್ನ ಕೈಯಾರೆ ಹರೀಬೇಕು ನೋಡು ಅದನ್ನ."

ಎಂಬತ್ಮೂರು ವರ್ಷದ ಹೆಂಗಸು ಸೀರೆ ಕೇಳಲಿಲ್ಲ, ಕಾಶಿ ಕೇಳಲಿಲ್ಲ. ಇಷ್ಟು ಸಣ್ಣ ಆಸೆಯಲ್ಲೂ ನಾನು ಉಳಿತಾಯ ಹುಡುಕಿದೆ.

ತೊಡಕು ಒಂದೇ. ಅತ್ತೆ ದಸರೆಯಿಂದ ಯುಗಾದಿವರೆಗೆ ಕೂಕಟ್‌ಪಲ್ಲಿಯ ನಮ್ಮ ಮನೆಯಲ್ಲಿ, ಯುಗಾದಿಯಿಂದ ದಸರೆವರೆಗೆ ಕಲಬುರಗಿಯ ಮೈದುನನ ಮನೆಯಲ್ಲಿ. ಬಿಸಿಲಿನ ಪಾಲು ಆತನಿಗೆ ಹೋಗುವಂತೆ ಏರ್ಪಾಡು ಮಾಡಿದವಳು ನಾನೇ. ಹಾಗಾಗಿ ಹೂ ಯುಗಾದಿಯೊಳಗೆ ಅರಳಬೇಕಿತ್ತು.

ಮೊದಲ ಚಳಿಗಾಲ ಪೂರ್ತಿ ಬರೀ ಎಲೆ. ಅತ್ತೆ ದಿನಾ ಬೆಳಿಗ್ಗೆ ಬಂದು ಕುಂಡಗಳನ್ನು ಬಗ್ಗಿ ನೋಡುವರು.

"ಇದನ್ನ ಬ್ಯಾಳ್ಯಾಗ ಹಾಕಿದ್ರ ಹೆಂಗ?"

"ಹಂಗ ಅನಬ್ಯಾಡ್ರಿ. ಮೊಗ್ಗು ಬರತಾವ."

"ಬರತಾವ, ಬರತಾವ. ನಾ ಹೋದಮ್ಯಾಲೆ ಬರತಾವ."

ಯುಗಾದಿಗೆ ಮೈದುನ ಕಾರು ತಂದ, ಅತ್ತೆ ಹೋದರು. ನಾನು ಜಗಳಕ್ಕೆಂದೇ ನರ್ಸರಿಗೆ ಹೋದೆ. ಅವನು ಮೊದಲು ಹೇಳಿದ್ದನ್ನೇ ಮತ್ತೆ ಹೇಳಿದ: ಇನ್ನೊಂದು ಚಳಿ ಬೇಕು, ಬೇಸಿಗೆ ದಾಟಿಸಿ. ನಿಜ ಹೇಳಿ ಮೋಸ ಮಾಡುವ ವ್ಯಾಪಾರಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಹೈದರಾಬಾದಿನ ಮೇ ತಿಂಗಳಲ್ಲಿ ಚಳಿ ದೇಶದ ಗಿಡ ಉಳಿಸುವುದು ಹೇಗೆಂದು ಈಗ ಯಾರು ಬೇಕಾದರೂ ನನ್ನನ್ನು ಕೇಳಬಹುದು. ಕೇಳದಿದ್ದರೂ ಹೇಳುತ್ತೇನೆ. ಕುಂಡಗಳನ್ನು ಉತ್ತರದ ಗೋಡೆಗೆ ಸರಿಸಿ, ಮೇಲೆ ಹಳೇ ನೂಲಿನ ಸೀರೆ ಕಟ್ಟಿ, ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ. ಗಂಡನ ಮಾತಿಗೆ ಕಿವಿಗೊಡಬೇಡಿ. ನನ್ನವರು ಚಹಾ ಕುಡಿಯುತ್ತಾ, "ವಿಲಿಯಂ ಸಾಹೇಬರು ಹೆಂಗದಾರ ಇವತ್ತ?" ಎಂದು ಕೇಳುವರೇ ಹೊರತು ಒಂದು ತಂಬಿಗೆ ನೀರು ಎತ್ತಿದವರಲ್ಲ. ಇಪ್ಪತ್ತು ಗಿಡಗಳಲ್ಲಿ ಏಳು ಉಳಿದವು.

ದಸರೆಗೆ ಅತ್ತೆ ಮರಳಿದರು, ಚಳಿಯೂ ಬಂತು. ಆದರೆ ಮೊಗ್ಗು ಕಂಡಾಗ ಯುಗಾದಿಗೆ ಮೂರೇ ದಿನ. ಮುಳ್ಳುಮುಳ್ಳಾದ ಹಸಿರು ಗೊಂಚಲು, ಬಿಗಿಯಾಗಿ ಮುಚ್ಚಿಕೊಂಡಿತ್ತು. ಮೈದುನನಿಗೆ ಫೋನ್ ಹಚ್ಚಿದೆ.

"ಹತ್ತು ದಿನ ತಡಾ ಮಾಡಿ ಬರ್ರಿ."

"ಯಾಕ ವೈನಿ, ಅವ್ವಗ ಆರಾಮಿಲ್ಲೇನು?"

"ಆರಾಮ ಅದಾರ. ಹೂವು ಅರಳಬೇಕು."

"ಇಷ್ಟು ವರ್ಷದಾಗ ನೀವು ಒಂದ ದಿನಾನೂ ಹೆಚ್ಚಿಗಿ ಇಟಗೊಂಡಿಲ್ಲ, ವೈನಿ."

ಸುಳ್ಳಲ್ಲ. ಅಧಿಕ ಮಾಸ ಬಿದ್ದ ವರ್ಷ, ಆ ತಿಂಗಳು ಯಾರ ಪಾಲು ಎಂದು ವಾದ ತೆಗೆದವಳು ನಾನು. ಗೆದ್ದವಳೂ ನಾನೇ.

"ಎಂಟು ದಿನ ಕೊಡತೀನಿ," ಎಂದ ಆತ. "ನಿಮ್ಮ ಮಾವಿನಕಾಯಿ ಉಪ್ಪಿನಕಾಯಿ ಒಂದು ಭರಣಿ ಆಗಬೇಕು."

ಆಯ್ತು ಎಂದೆ. ಕೇಳಿದ ಬೆಲೆಗೆ ಮರುಮಾತಿಲ್ಲದೆ ಒಪ್ಪಿದ ವ್ಯಾಪಾರ ಜೀವಮಾನದಲ್ಲಿ ಅದೊಂದೇ.

ಎಂಟನೆಯ ದಿನ ಬೆಳಿಗ್ಗೆ ನೋಡಿದರೆ, ಉಳಿದ ಏಳು ಗಿಡಗಳಲ್ಲಿ ಐದು ಅರಳಿದ್ದವು. ಕಡುಗೆಂಪು, ಅಂಚಿಗೆ ಬಿಳಿ ಗೆರೆ, ಹತ್ತಿರ ಹೋದರೆ ಲವಂಗದ ವಾಸನೆ. ಆಗಲೇ ಗೇಟಿನ ಮುಂದೆ ಮೈದುನನ ಕಾರು ಬಂದು ನಿಂತಿತ್ತು. ನಾನು ಅತ್ತೆಯ ಕೈಗೆ ಕತ್ತರಿ ಕೊಟ್ಟು, ಗೆಣ್ಣಿನ ಮೇಲೆ ಹೇಗೆ ಕತ್ತರಿಸಬೇಕೆಂದು ವಿವರಿಸತೊಡಗಿದೆ. ಅವರು ಕತ್ತರಿಯನ್ನು ಕಟ್ಟೆಯ ಮೇಲಿಟ್ಟು, ಒಂದು ಗೊಂಚಲನ್ನು ಕೈಯಿಂದಲೇ ಚಟ್ಟನೆ ಹರಿದರು. ಮತ್ತೊಂದು ಹರಿದರು. ಮೂರನೆಯದಕ್ಕೆ ಕೈ ಹಾಕಿದಾಗ ನಾನು ತಡೆಯಲಾರದೆ ಹೋದೆ.

"ಅತ್ತಿ, ಬೀಜಕ್ಕ ಒಂದೆರಡು ಬಿಡ್ರಿ."

ಕೇಳಿಸಲಿಲ್ಲವೇನೋ ಎಂಬಂತೆ ಅದನ್ನೂ ಹರಿದು ಸೆರಗಿಗೆ ಹಾಕಿಕೊಂಡರು.

"ದೇವರಿಗಾದ್ರೂ ಒಂದು?"

"ದೇವರು ಭಾಳ ನೋಡ್ಯಾನ."

ಹೊರಗೆ ಹಾರ್ನ್ ಆಯಿತು. ಅತ್ತೆ ತಲೆ ಎತ್ತಲಿಲ್ಲ.

"ಅವಂಗ ಒಳಗ ಬಂದು ಕುಂದ್ರು ಅನ್ನು. ಇನ್ನೂ ಎರಡು ಕುಂಡ ಅದಾವ."

ನಾನು ಹೋಗಿ ಮೈದುನನಿಗೆ ಚಹಾಕ್ಕೆ ನೀರಿಟ್ಟೆ.