ಅರಿವಿ ತೊಳೆಯುವವರ ಹೆಸರು

ಅಂಗಡಿಗಳಿಂದ ಶ್ರೀಖಂಡದ ಡಬ್ಬಿಗಳನ್ನೆಲ್ಲ ವಾಪಸು ತರಿಸಿದ ದಿನದಿಂದ ಶೇಡಬಾಳದ ಆ ಸಣ್ಣ ಡೈರಿಯಲ್ಲಿ ಎಲ್ಲರ ಕಣ್ಣೂ ಶೇವಂತಾಳ ಕೈಮೇಲೆಯೇ. ಹನ್ನೊಂದು ವರ್ಷದಿಂದ ಡಬ್ಬಿ ತುಂಬುತ್ತಿದ್ದವಳು ಅವಳು. ಶ್ರೀಖಂಡದಲ್ಲಿ ಸಿಕ್ಕ ರೋಗಾಣು ಕೈಯಿಂದಲೋ ನೀರಿನಿಂದಲೋ ಪಾತ್ರೆ ಬಟ್ಟೆಯಿಂದಲೋ ಸೇರಿರಬಹುದು ಎಂದು ಪರೀಕ್ಷೆಯ ವರದಿ ಹೇಳಿತ್ತು. ಮಾಲೀಕ ಭೀಮಗೊಂಡ ಗಟ್ಟಿಯಾಗಿ ಓದಿದ್ದು 'ಕೈ' ಎಂಬುದನ್ನಷ್ಟೇ. ಹಾಲು ಕಾಯಿಸುವ ಮಲಕಾರಿ ಅಂದಿನಿಂದ ಅವಳ ಚಹಾದ ಕಪ್ಪನ್ನು ದೂರ ಸರಿಸಿ ಇಡತೊಡಗಿದ್ದ.

ಸ್ವಚ್ಛತೆಯ ತರಬೇತಿ ಕೊಡಲು ಚಿಕ್ಕೋಡಿಯಿಂದ ನೀಲಮ ಬಂದಾಗ, ಇವಳೂ ತನ್ನನ್ನು ಕೆಲಸದಿಂದ ತೆಗೆಯಲು ಕಾಗದ ತಯಾರಿಸಲಿಕ್ಕೇ ಬಂದವಳು ಎಂದುಕೊಂಡಳು ಶೇವಂತಾ. ನೀಲಮ ಹತ್ತಿ ಕಡ್ಡಿಯಿಂದ ಎಲ್ಲರ ಅಂಗೈ ಒರೆಸಿ ಶೀಶೆಗೆ ಹಾಕಿದಳು. ತನ್ನ ಶೀಶೆಯ ಮೇಲಿನ ಚೀಟಿಯನ್ನು ಶೇವಂತಾ ಎರಡು ಸಲ ಓದಿದಳು. ಅದಲುಬದಲು ಮಾಡಿಬಿಟ್ಟರೆ?

ಆಮೇಲೆ ನೀಲಮ ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಹಾಲು ಬಂದಲ್ಲಿಂದ ಮುಚ್ಚಳ ಹಾಕುವವರೆಗಿನ ಒಂದೊಂದು ಕೆಲಸವನ್ನೂ, ಅದರ ಎದುರು ಮುಟ್ಟಿದವರ ಹೆಸರನ್ನೂ ಬರೆಯತೊಡಗಿದಳು.

"ಮೊಸರು ಅರಿವ್ಯಾಗ ಕಟ್ಟಿ ತೂಗಬಿಡತೀವ್ರಿ. ನೀರಿಳಿದು ಚಕ್ಕಾ ಆಗತೈತಿ," ಎಂದ ಮಲಕಾರಿ.

"ಆ ಅರಿವಿ ಯಾರು ತೊಳೀತಾರ?"

"ಅದೇನು ಕೆಲಸ ಅಲ್ರಿ," ಎಂದ ಭೀಮಗೊಂಡ. "ಮನ್ಯಾಗ ಆಗತೈತಿ."

ಆಗತೈತಿ. ತನ್ನಷ್ಟಕ್ಕೆ ತಾನೇ. ಶೇವಂತಾ ದಿನಾ ನೋಡುತ್ತಿದ್ದಳು: ಅವನ ಸೊಸೆ ಸೌಂದರ್ಯಾ ಒಂದು ಕಂಕುಳಲ್ಲಿ ಕೂಸು, ಇನ್ನೊಂದರಲ್ಲಿ ಮೊಸರು ಕಟ್ಟಿದ ಬಟ್ಟೆಯ ಗಂಟು ಹೊತ್ತು ಹೋಗುವುದು, ಕೂಸಿನ ಲಂಗೋಟಿ ಒಗೆದ ಬಕೆಟ್ಟಿನಲ್ಲೇ ಅದನ್ನೂ ಜಾಲಿಸಿ ಕೊಟ್ಟಿಗೆಯ ಹಗ್ಗಕ್ಕೆ ಹರವುವುದು. ಹೇಳಿದರೆ ತನ್ನ ಕೆಲಸ ಉಳಿದೀತು, ಬೈಗುಳ ಆ ಹುಡುಗಿಯ ಪಾಲಾದೀತು. ಹೇಳದಿದ್ದರೆ ನಾಳೆ ತಾನೇ ಹೊರಗೆ.

"ಅದು ತಾನ ಆಗೂದಿಲ್ರಿ. ಸೌಂದರ್ಯಾ ಮಾಡ್ತಾಳ," ಎಂದಳು. "ಆಕಿ ಹೆಸರು ಬರೀರಿ, ಮೇಡಂ. ಹೆಸರಿನ ಬಾಜೂಕ, ಆಕಿಗೆ ಕುದಿಯೂ ನೀರು ಕೊಟ್ಟಿಲ್ಲ, ಬ್ಯಾರೆ ಬಕೀಟು ಕೊಟ್ಟಿಲ್ಲ, ಅದನ್ನೂ ಬರೀರಿ."

ನೀಲಮ ಬರೆದಳು. ಅರಿವಿಯನ್ನೂ ಕಡ್ಡಿಯಿಂದ ಒರೆಸಿಕೊಂಡು ಹೋದಳು.

ನಾಲ್ಕನೆಯ ದಿನ ನೀಲಮಳೇ ಫಲಿತಾಂಶ ತಂದಳು. ಕೈಗಳೆಲ್ಲ ಸ್ವಚ್ಛ. ರೋಗಾಣು ಇದ್ದದ್ದು ಅರಿವಿಯಲ್ಲಿ.

ಭೀಮಗೊಂಡ ಫೋನು ತೆಗೆದ. "ಸೊಸೀನ್ನ ಕೇಳ್ತೇನಿ."

"ಆಕಿನ್ನೇನು ಕೇಳ್ತೀರಿ? ಹಾಳಿ ಓದ್ರಿ," ಎಂದಳು ನೀಲಮ. "ಇನ್ನ ಮ್ಯಾಲೆ ಅರಿವಿ ಮನೀಗೆ ಹೋಗಬಾರದು. ಇಲ್ಲೇ ಕುದಿಸಬೇಕು, ಇಲ್ಲೇ ಒಣಗಿಸಬೇಕು."

ಭೀಮಗೊಂಡನ ಕಣ್ಣು ಸುತ್ತಾಡಿ ಮತ್ತೆ ಶೇವಂತಾಳ ಕೈಮೇಲೆ ನಿಂತಿತು. ಈ ಸಲ ನಗುತ್ತಿದ್ದ. "ಹೆಂಗೂ ನಿನ್ನ ಕೈ ಸ್ವಚ್ಛ ಅದಾವಂತ. ಡಬ್ಬಿ ತುಂಬೂದು ಮುಗದ ಮ್ಯಾಲೆ ನೀನ ತೊಳದ ಬಿಡು."

ಆ ನಗುವನ್ನು ಅವಳು ನಂಬಲಿಲ್ಲ. ನೀಲಮಳ ಪೆನ್ನು ಎತ್ತಿಕೊಂಡು ಅವನ ಮುಂದೆ ಹಿಡಿದಳು.

"ಹಾಳಿ ಮ್ಯಾಲೆ ಮೊದಲ ಬರೀರಿ, ಸಾವ್ಕಾರ್ರ. ಇದು ಕೆಲಸ ಅಂತ. ಇದಕ್ಕ ಪಗಾರ ಐತಿ ಅಂತ. ಆಮ್ಯಾಲೆ ಕೈ ಹಚ್ಚತೇನಿ."