ಭಾವನವರ ಮ್ಯಾಗ್ನೆಟ್

ಹೈದರಾಬಾದಿನಲ್ಲಿ ಸಾಫ್ಟ್‌ವೇರಿನವನೆಂದರೆ ಎಲ್ಲ ಬಲ್ಲವನೆಂದು ಜನ ನಂಬಿದ್ದ ಕಾಲವದು. ಸಾಫ್ಟ್‌ವೇರಿನವರೇ ಆದ ನಮ್ಮ ಭಾವ ಅದನ್ನು ಉಳಿದವರಿಗಿಂತ ಹೆಚ್ಚೇ ನಂಬಿದ್ದರು. ತಮ್ಮ ಹಳೆಯ ಫ್ಯುಯೆಲ್ ಇಂಜೆಕ್ಷನ್ ಕಾರಿನ ಮೈಲೇಜೂ ಪಿಕಪ್ಪೂ ಹೆಚ್ಚಲೆಂದು ಕೋಠಿ ಬಜಾರಿನಿಂದ ಒಂದು ಮ್ಯಾಗ್ನೆಟ್ ತಂದು ಪೆಟ್ರೋಲ್ ಪೈಪಿಗೆ ಕಟ್ಟಿದರು. ಕಟ್ಟಿ, ಕುಂಕುಮವನ್ನೂ ಹಚ್ಚಿದರು.

ಪೆಟ್ರೋಲ್ ಉಳಿಸುವ ಈ ಮಹಾಶಯರು ದಿನಾ ಬೆಳಿಗ್ಗೆ ಕಾರು ಚಾಲೂ ಮಾಡಿಟ್ಟು ಸ್ನಾನಕ್ಕೆ ಹೋಗುತ್ತಿದ್ದರು. ಸ್ನಾನ, ಪೂಜೆ, ಉಪ್ಪಿಟ್ಟು ಮುಗಿಯುವ ತನಕ ಅದು ನಿಂತಲ್ಲೇ ಪೆಟ್ರೋಲ್ ಕುಡಿಯುತ್ತಿತ್ತು. ಫ್ಯುಯೆಲ್ ಇಂಜೆಕ್ಷನ್ ಇರುವ ಕಾರಿಗೆ ಅಷ್ಟು ಹೊತ್ತು ಬಿಸಿ ಮಾಡುವುದು ಬೇಕಿಲ್ಲ ಎಂದು ನಾನು ಹೇಳಿದರೆ, “ಎಂಜಿನ್ ಕಾಯಬೇಕೋ, ನಿನಗೇನ್ ತಿಳೀತೈತಿ?” ಎನ್ನುತ್ತಿದ್ದರು. ಅತ್ತ ಎಂಜಿನ್ನಿಗೆ ಗಾಳಿ ಸೋಸಿ ಕೊಡುವ ಏರ್ ಫಿಲ್ಟರ್ ಧೂಳು ಹಿಡಿದು ಕಂಬಳಿಯಾಗಿತ್ತು. ಅದನ್ನು ತೆಗೆದು ನೋಡುವುದು ಅವರ ಘನತೆಗೆ ತಕ್ಕ ಕೆಲಸವಲ್ಲ.

ಒಮ್ಮೆ ಜ್ವರ ಬಂದು ಭಾವ ವಾರವಿಡೀ ಮಲಗಿದರು. ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅಕ್ಕ ಕಾರು ಒಯ್ಯತೊಡಗಿದಳು. ಮೊದಲ ದಿನವೇ ಹೊಸ ಫಿಲ್ಟರ್ ಹಾಕಿಸಿದಳು. ಬೆಳಿಗ್ಗೆ ಕೀಲಿ ತಿರುವಿದವಳೇ ಹೊರಟುಬಿಡುತ್ತಿದ್ದಳು.

ಜ್ವರ ಬಿಟ್ಟ ಮೇಲೆ ಭಾವ ಕಾರು ಓಡಿಸಿ ನೋಡಿ, ಮುಖ ಅರಳಿಸಿಕೊಂಡು ಒಳಗೆ ಬಂದರು. ಟ್ಯಾಂಕಿನಲ್ಲಿ ಪೆಟ್ರೋಲ್ ಇನ್ನೂ ಉಳಿದಿತ್ತು, ಪಿಕಪ್ಪೂ ಬಂದಿತ್ತು. ಅಕ್ಕ ಫಿಲ್ಟರಿನ ಮಾತು ತೆಗೆದಳು. ಅವರು ಕೈ ಎತ್ತಿ ಅವಳನ್ನು ತಡೆದರು.

“ಮ್ಯಾಗ್ನೆಟ್ ಸೆಟ್ ಆಗಾಕ ಟೈಮ್ ಬೇಕಂತ ನಾ ಹೇಳಿದ್ದಿಲ್ಲೇನು?”

ಇನ್ನೊಂದು ವಾರ ಜ್ವರ ಬಿಡದಿದ್ದರೆ ಆ ಕಾರು ಹಾರುತ್ತಿತ್ತು.