ಎಡತೋಳಿನ ಹಸಿರು

ಹಳೇ ಸ್ವೆಟರ್ ಬಿಚ್ಚುವುದನ್ನು ಮಕ್ಕಳಿಗೆ ಕಲಿಸುವಾಗ ನಾನು ಮೊದಲು ಅದನ್ನು ಒಳಮಗ್ಗುಲು ತಿರುಗಿಸಿ ಪಕ್ಕದ ಹೊಲಿಗೆ ತೋರಿಸುತ್ತಿದ್ದೆ. ಓವರ್‌ಲಾಕ್ ಹೊಲಿಗೆಯಾದರೆ ಬಿಚ್ಚಿ ಪ್ರಯೋಜನವಿಲ್ಲ. ಆ ಮೆಷಿನ್ನು ಅಂಚನ್ನು ಕತ್ತರಿಸಿಕೊಂಡೇ ಹೊಲಿಯುತ್ತದೆ, ಎಳೆದರೆ ಸಾಲಿಗೊಂದು ತುಂಡು ನೂಲು ಬರುತ್ತದೆ ಅಷ್ಟೇ. ಕೈಯಲ್ಲಿ ಹೆಣೆದದ್ದಾದರೆ ಕೂಡಿಸಿದ ದಾರವನ್ನಷ್ಟೇ ತೆಗೆದು, ಹೆಣಿಗೆ ಮುಗಿಸಿದ ಕಡೆಯ ತುದಿ ಹುಡುಕಬೇಕು. ತುದಿ ಸಿಕ್ಕರೆ ಇಡೀ ತೋಳು ಒಂದೇ ಎಳೆಯಾಗಿ ಸರಸರ ಬಿಚ್ಚಿಕೊಳ್ಳುತ್ತದೆ. ಮಕ್ಕಳಿಗೆ ಅದು ಆಟ. ಒಬ್ಬರು ಎಳೆಯೋರು, ಒಬ್ಬರು ಕುರ್ಚಿಯ ಕಾಲಿಗೆ ಸುತ್ತೋರು.

ಹೊಲಿಗೆಯ ಗುಟ್ಟೆಲ್ಲ ನಾನು ಕಲಿತದ್ದು ಮದುವೆಗೆ ಮುಂಚೆ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ. ಮದುವೆಯಾಗಿ ನಾಗಸಂದ್ರಕ್ಕೆ ಬಂದೆ. ನಮ್ಮ ಯಜಮಾನರು ಪೀಣ್ಯದಲ್ಲಿ ಲೇತ್ ಮೆಷಿನ್ ಕೆಲಸ ಮಾಡುತ್ತಿದ್ದರು. ಅವರ ಅಕ್ಕ ನಮ್ಮ ವಠಾರದಲ್ಲೇ ಎದುರು ಮನೆ, ಅಂಗನವಾಡಿ ಟೀಚರ್. ನಾನೂ ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದೆ. ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ ಅದು. ಆ ಕೆಲಸಕ್ಕೆ ಯಾದಗಿರಿ, ರಾಯಚೂರು ಕಡೆಯಿಂದ ಬಂದವರ ಮಕ್ಕಳಿಗೆ ಶನಿವಾರ ಮಧ್ಯಾಹ್ನ ಅಂಗನವಾಡಿಯಲ್ಲಿ ಏನಾದರೂ ಕಲಿಸಿ ಅಂತ ಒಂದು ಸಂಸ್ಥೆಯವರು ಕೇಳಿದ್ದರು. ಅಕ್ಕ ನನ್ನನ್ನು ಕರೆದುಕೊಂಡು ಹೋದರು. ಬಿಚ್ಚಿದ ಉಲ್ಲನ್ ತೊಳೆಯುವುದು, ಲಡಿಯಾಗಿ ಸುತ್ತಿ ಕಟ್ಟುವುದು ಅವರ ಕೆಲಸ. ಹೆಣಿಗೆ ನನ್ನದು. ಮಕ್ಕಳಿಗೆ ಅವರು ದೊಡ್ಡ ಟೀಚರ್, ನಾನು ಟೀಚರ್. ಗಾರ್ಮೆಂಟ್ಸ್‌ನಲ್ಲಿ ದಿನಾ ರಾಶಿ ರಾಶಿ ಬಟ್ಟೆ ಕತ್ತರಿಸಿ ಎಸೆಯುವುದನ್ನು ಕಂಡಿದ್ದವಳು ನಾನು. ಅದಕ್ಕೇ ಮಕ್ಕಳಿಗೆ ಒಂದೇ ಮಾತು ಹೇಳುತ್ತಿದ್ದೆ: ಹೊಸದು ಕೇಳುವ ಮೊದಲು ಹಳೆಯದರಲ್ಲಿ ಏನು ಉಳಿದಿದೆ ನೋಡಿ.

ಮದುವೆಯಾದ ಹೊಸದರಲ್ಲಿ ನಾನು ಯಜಮಾನರಿಗೆ ಒಂದು ಸ್ವೆಟರ್ ಹೆಣೆದಿದ್ದೆ. ಅಪ್ಪಟ ಕುರಿ ಉಣ್ಣೆ, ಕಡು ಹಸಿರು. ಎಡತೋಳು ಮೊಣಕೈವರೆಗೆ ಬರುವಷ್ಟರಲ್ಲಿ ಉಲ್ಲನ್ ಮುಗಿಯಿತು. ಅದೇ ಅಂಗಡಿಯಲ್ಲಿ ಅದೇ ಬಣ್ಣ ತಂದರೂ ಬೇರೆ ಲಾಟ್‌ನದು, ಒಂದು ಶೇಡ್ ತಿಳಿ. ಗಾರ್ಮೆಂಟ್ಸ್‌ನಲ್ಲಾಗಿದ್ದರೆ ಆ ಪೀಸ್ ರಿಜೆಕ್ಟ್. ಇವರು ಹಾಕಿಕೊಂಡು ಕನ್ನಡಿ ನೋಡಿ, "ಇರ್ಲಿ ಬಿಡೆ, ಎಡಗೈ ಕೆಲಸ ಕಮ್ಮಿ ಮಾಡುತ್ತೆ, ಅದಕ್ಕೇ ಬೆಳ್ಳಗಿದೆ" ಅಂದರು. ನೈಟ್ ಶಿಫ್ಟಿಗೆ ಅದನ್ನೇ ಹಾಕಿಕೊಂಡು ಹೋಗುತ್ತಿದ್ದರು. ಲೇತ್‌ಗೆ ಬಿಡುವ ಕೂಲಂಟ್ ಎಣ್ಣೆಯ ವಾಸನೆ ಅದರೊಳಗೆ ಕೂತುಬಿಟ್ಟಿತ್ತು. ಎಷ್ಟು ಸಲ ಬೈದಿದ್ದೇನೋ.

ಒಂದು ಬೆಳಿಗ್ಗೆ ಶಿಫ್ಟ್ ಮುಗಿಸಿ ಬಂದು, ಸ್ವೆಟರ್ ತೆಗೆದು ಬಾಗಿಲ ಹಿಂದಿನ ಮೊಳೆಗೆ ಹಾಕಿ, ಎದೆ ಹಿಡಿದಂಗಿದೆ ಅಂದರು. ಆಟೋ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರು ಇರಲಿಲ್ಲ.

ಅವರ ಬಟ್ಟೆಗಳನ್ನೆಲ್ಲ ಯಾರ್ಯಾರಿಗೋ ಕೊಟ್ಟೆ. ಸ್ವೆಟರ್ ಕೊಡಲಿಲ್ಲ, ಒಗೆಯಲೂ ಇಲ್ಲ. ಕವರಿನಲ್ಲಿ ಹಾಕಿ ಬಾಯಿ ಕಟ್ಟಿ ಬೀರುವಿನಲ್ಲಿಟ್ಟೆ. ಆಗೀಗ ಕಟ್ಟು ಬಿಚ್ಚಿ ಮೂಗು ಒಡ್ಡುತ್ತಿದ್ದೆ. ಅವರು ಈಗಷ್ಟೇ ಬಾಗಿಲು ತೆಗೆದು ಬಂದ ಹಾಗಿರುತ್ತಿತ್ತು.

ಕೆಲವು ತಿಂಗಳ ಮೇಲೆ ಮತ್ತೆ ಕ್ಲಾಸಿಗೆ ಹೋಗತೊಡಗಿದೆ. ದಾನಕ್ಕೆ ಬಂದ ಮೂಟೆಯಲ್ಲಿ ಎಲ್ಲವೂ ಓವರ್‌ಲಾಕ್. ಕೈ ಹೆಣಿಗೆಯ ಹೊಲಿಗೆ ಹೇಗಿರುತ್ತದೆ ಅಂತ ತೋರಿಸಲು ಒಂದೂ ಇರಲಿಲ್ಲ. ಒಂದು ಶನಿವಾರ ಆ ಸ್ವೆಟರ್ ಒಯ್ದು, ಒಳಮಗ್ಗುಲು ತೋರಿಸಿ, ಮಡಿಚಿ ವಾಪಸ್ ಕವರಿಗೆ ಹಾಕಿಕೊಂಡೆ. ಅಕ್ಕ ಪಕ್ಕದಲ್ಲೇ ನಿಂತು ನೋಡುತ್ತಿದ್ದರು.

ಅದಾದ ಮೇಲೆ ನನ್ನ ತಮ್ಮನ ಮಗುವಿನ ನಾಮಕರಣಕ್ಕೆ ಮಾಗಡಿ ಹತ್ತಿರದ ತವರಿಗೆ ಹೋಗಿ ಸ್ವಲ್ಪ ದಿನ ಉಳಿದೆ. ಗಿಡಕ್ಕೆ ನೀರು ಹಾಕಲು ಮನೆಯ ಬೀಗದ ಕೈ ಅಕ್ಕನ ಹತ್ತಿರ ಬಿಟ್ಟಿದ್ದೆ. ವಾಪಸ್ ಬಂದ ದಿನ ಶನಿವಾರ. ಬಸ್ ಇಳಿದವಳು ನೇರ ಅಂಗನವಾಡಿಗೇ ಹೋದೆ. ಮಕ್ಕಳು ಟೋಪಿ ಹೆಣೆಯುತ್ತಿದ್ದರು, ಎಲ್ಲರ ಕೈಯಲ್ಲೂ ಹಸಿರು. ನನಗೆ ಏನೂ ಹೊಳೆಯಲಿಲ್ಲ. ಯಾದಗಿರಿ ಕಡೆಯ ಹುಡುಗಿಯೊಬ್ಬಳು ಕಡ್ಡಿ ಸಮೇತ ಎದ್ದು ಬಂದಳು.

"ಟೀಚರ್, ಇಲ್ಲಿಂದ ಬಣ್ಣ ಬ್ಯಾರೆ ಬಂದೈತ್ರಿ. ದೊಡ್ಡ ಟೀಚರ್ ನಡೀತೈತಿ ಅಂದ್ರು. ನಡೀತೈತೇನ್ರಿ?"

ಕಡು ಹಸಿರಿನ ಮೇಲೆ ತಿಳಿ ಹಸಿರು. ನಾನು ಅದನ್ನು ಬೆರಳಲ್ಲಿ ಮುಟ್ಟಿದೆ. ಎಡತೋಳು.

ಅಕ್ಕ ಹಿಂದೆ ನಲ್ಲಿಯ ಹತ್ತಿರ ಇದ್ದರು. ತಂತಿಯ ಮೇಲೆ ಕೊನೆಯ ಲಡಿ ನೇತಾಡುತ್ತಿತ್ತು. ಸುರುಳಿ ಬಿಡಲಿ ಅಂತ ಕೆಳಗೆ ಕಲ್ಲು ಕಟ್ಟಿದ್ದರು. ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಒಗೆದ್ರಾ?" ಅಂದೆ.

"ಒಗೀದೆ ಮಕ್ಕಳ ಕೈಗೆ ಕೊಡೋಕಾಗುತ್ತೇನೆ? ಎಣ್ಣೆ ನಾತ. ಎರಡು ಸಲ ಸೋಪು ಹಾಕ್ದೆ."

"ನನ್ನನ್ನ ಒಂದು ಮಾತು ಕೇಳ್ಬೇಕಿತ್ತು ಅಕ್ಕ."

"ಕೇಳಿದ್ರೆ ಕೊಡ್ತಿದ್ಯಾ?" ಅವರು ನನ್ನ ಮುಖ ನೋಡದೆ ಕಲ್ಲನ್ನು ಸರಿಮಾಡಿದರು. "ಅವನು ನನಗೂ ತಮ್ಮನೇ ಕಣೆ. ನನ್ನ ಸೊಂಟದ ಮೇಲೆ ಬೆಳೆದೋನು. ನೀನು ಕವರ್ ಮೂಗಿಗೆ ಹಿಡ್ಕೊಂಡು ಕೂರೋದನ್ನ ಕಿಟಕಿಯಿಂದ ನೋಡಿ ನೋಡಿ ನನಗೂ ಸಾಕಾಗಿತ್ತು. ಹಳೇದರಲ್ಲಿ ಏನು ಉಳಿದಿದೆ ನೋಡಿ ಅಂತ ಪಾಠ ಹೇಳೋಳು ನೀನೇ."

ಅದು ನನ್ನದೇ ಮಾತು. ಒಳಗೆ ಹೋಗಿ ಆ ಹುಡುಗಿಗೆ, "ನಡೀತದೆ, ಮುಂದಿನ ಸಾಲು ಹೆಣಿ" ಅಂದೆ. ಅವಳ ಕೈಯಿಂದ ಕಿತ್ತುಕೊಂಡು ಏನು ಮಾಡಲಿ? ನನಗೆ ಬೇಕಾಗಿದ್ದದ್ದು ಆಗಲೇ ಸೋಪಿನ ನೀರಿನ ಜೊತೆ ಮೋರಿಗೆ ಹೋಗಿತ್ತು.

ಇಷ್ಟಕ್ಕೇ ಮುಗಿದಿದ್ದರೆ, ತಮ್ಮನನ್ನು ಕಳೆದುಕೊಂಡವರು ಏನೋ ತಿಳಿದು ಏನೋ ಮಾಡಿದರು ಅಂದುಕೊಂಡು ಸುಮ್ಮನಾಗುತ್ತಿದ್ದೆ ಅನ್ನಿಸುತ್ತದೆ.

ಟೋಪಿಗಳು ಮುಗಿದ ಮೇಲೆ ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿಯವರು ಕ್ಲಾಸು ನೋಡಲು ವ್ಯಾನಿನಲ್ಲಿ ಬಂದರು. ಮಕ್ಕಳು ಟೋಪಿ ಹಾಕಿಕೊಂಡು ಸಾಲಾಗಿ ಕೂತಿದ್ದರು. ಅಕ್ಕ ಮೈಕ್ ಹಿಡಿದು ಹಳೇ ಬಟ್ಟೆಯ ಮರುಬಳಕೆ ಬಗ್ಗೆ ಹೇಳುತ್ತಾ ಹೇಳುತ್ತಾ ನನ್ನ ಕಡೆ ಕೈ ತೋರಿಸಿದರು. "ಇವರ ಯಜಮಾನರ ಸ್ವೆಟರ್ ಇದು. ಅವರ ನೆನಪಿಗೆ ಅಂತ ಇಟ್ಕೊಂಡಿದ್ರು. ಮಕ್ಕಳಿಗೆ ಚಳಿ ಅಂತ ಮನಸಾರೆ ತಾವೇ ತಂದುಕೊಟ್ರು." ಸಂಸ್ಥೆಯ ಹುಡುಗಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಮುಂದಿನ ಸಾಲಿನ ಹೆಂಗಸೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಕ್ಕನ ದನಿಯೂ ನಡುಗುತ್ತಿತ್ತು. ಅದು ನಟನೆ ಅಲ್ಲ, ನನಗೆ ಗೊತ್ತು. ನನ್ನ ಹತ್ತಿರ ಕೇಳದೆ ತೆಗೆದುಕೊಂಡದ್ದನ್ನು ಹೀಗೆ ಹೇಳಿ ಹೇಳಿ ಅವರೂ ನಂಬಿಬಿಟ್ಟಿದ್ದರು.

ಎರಡು ಮಾತಾಡಿ ಅಂತ ಮೈಕ್ ನನ್ನ ಕೈಗೆ ಬಂತು.

"ನಾನು ಕೊಡಲಿಲ್ಲ" ಅಂದೆ. "ನಾನು ಊರಲ್ಲಿದ್ದಾಗ ಬೀರುವಿನಿಂದ ತಗೊಂಡ್ರು."

ಸಂಸ್ಥೆಯ ಹುಡುಗಿ ಅಕ್ಕನ ಮುಖ ನೋಡಿ, ನಾನು ಆಡಿದ್ದಕ್ಕಿಂತ ಉದ್ದವಾಗಿ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಕ್ಕಳಿಗೆ ಮಾತ್ರ ಅರ್ಥವಾಗಿತ್ತು. ವ್ಯಾನು ಹೋದ ಮೇಲೆ ಯಾದಗಿರಿ ಹುಡುಗಿ ಬಂದು ತನ್ನ ಟೋಪಿ ತೆಗೆದು ನನ್ನ ಮಡಿಲಲ್ಲಿಟ್ಟಳು. ಅವಳನ್ನು ನೋಡಿ ಉಳಿದವರೂ ಇಟ್ಟರು. ನಾನು ಬೇಡ ಅನ್ನಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಹೊರಟೆ.

"ಮಕ್ಕಳ ತಲೆ ಮೇಲಿಂದ ಕಿತ್ಕೊಂಡು ಬಂದ್ಯಲ್ಲೇ" ಅಂದರು ಅಕ್ಕ, ವಠಾರದ ಬಾಗಿಲಲ್ಲಿ. "ಅವನಿದ್ದಿದ್ರೆ ನಾಚ್ಕೋತಿದ್ದ."

ಆವತ್ತಿನಿಂದ ನಲ್ಲಿಯ ಸರದಿ, ಕರೆಂಟು ಬಿಲ್ಲು ಬಿಟ್ಟು ನಮ್ಮ ನಡುವೆ ಮಾತಿಲ್ಲ.

ಮುಂದಿನ ಶನಿವಾರ ನಾನು ಹೋದಾಗ ಅಕ್ಕ ಬಂದಿರಲಿಲ್ಲ. ಮಕ್ಕಳು ಕಿವಿಗೆ ಟವೆಲ್ ಸುತ್ತಿಕೊಂಡು ಕೂತಿದ್ದರು. ಯಾದಗಿರಿ ಹುಡುಗಿ ಹತ್ತಿರ ಬಂದು ಕೇಳಿದಳು.

"ಟೀಚರ್, ನಮ್ಮ ಟೋಪಿ ಬಿಚ್ಚಿಬಿಟ್ರೇನ್ರಿ?"

"ಇಲ್ಲ."

"ಹಂಗಾದ್ರ ನನಗ ಕೊಡ್ತೀರೇನ್ರಿ? ಭಾಳ ಥಂಡಿ ಐತ್ರಿ. ನಿಮಗ ಬ್ಯಾಸರ ಆಗತೈತಿ ಅಂದ್ರ ಬ್ಯಾಡ್ರಿ."

ಆ ಸ್ವೆಟರಿನ ವಿಷಯದಲ್ಲಿ ನನ್ನನ್ನು ಕೇಳಿದವಳು ಅವಳೊಬ್ಬಳೇ. ಮನೆಗೆ ಹೋಗಿ ಎಲ್ಲ ಟೋಪಿಗಳನ್ನೂ ತಂದೆ. ಮನಸಾರೆ ಕೊಟ್ಟೆನೋ ಇಲ್ಲವೋ ಹೇಳಲಾರೆ. ಅವಳ ಟೋಪಿಯನ್ನು ಕಿವಿ ಮುಚ್ಚುವ ಹಾಗೆ ಎಳೆದು ಕೂರಿಸಿದೆ.

ಅಕ್ಕನಿಗೆ ಹೇಳಲಿಲ್ಲ. ಸೋಮವಾರ ತಮ್ಮ ತಂಗಿಯರನ್ನು ಅಂಗನವಾಡಿಗೆ ಬಿಡಲು ಬರುವ ಮಕ್ಕಳ ತಲೆ ಮೇಲೆ ಕಂಡಾಗ ತಿಳಿಯಲಿ ಅಂತ ಬಿಟ್ಟೆ. ನನಗೂ ಹಾಗೇ ತಿಳಿದದ್ದು.